ತಿಂದಷ್ಟೂ ಇಳಿಯುವ ಮೈ

ಅಟ್ಟದ ಮೇಲೆ ಅತ್ತಿಗೆ ನಡೆದಾಡುತ್ತಿದ್ದಳು. ಹೆಜ್ಜೆ ಎಲ್ಲಿ ಬೀಳುತ್ತಿದೆಯೆಂಬುದು ಅಡಿಕೆ ದಬ್ಬೆಗಳ ಸಂದಿಯಿಂದ ಉದುರುವ ದೂಳಿನಿಂದಲೇ ಕೆಳಗೆ ಕೂತಿದ್ದ ಶಾಂತಕುಮಾರಿಗೆ ತಿಳಿಯುತ್ತಿತ್ತು. ಮೊದಲು ಬಾಗಿಲ ನೇರಕ್ಕೆ ಉದುರಿತು, ಆಮೇಲೆ ನೀರಿನ ಚೆಂಬಿನ ಮೇಲೆ, ಈಗ ತೊಟ್ಟಿಲ ಕಡೆಗೆ ಬರುತ್ತಿದೆ. ಅವಳು ಮಗುವಿನ ಮುಖಕ್ಕೆ ಸೆರಗು ಅಡ್ಡ ಹಿಡಿದು, ಕತ್ತು ನೋಯುವ ಹಾಗೆ ಮೇಲಕ್ಕೇ ನೋಡುತ್ತಿದ್ದಳು. ಬ್ಯಾಟರಿಯ ಬೆಳಕು ಸೀಳುಸೀಳಾಗಿ ಇಳಿದು, ಗೋಡೆಯ ಮೇಲೆ ಹರಿದಾಡಿ, ಅವಳ ಮೊಣಕಾಲ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಮಂಚದ ತಲೆದಿಕ್ಕಿನ ಮೂಲೆಯಲ್ಲಿ ಒಂದು ದಬ್ಬೆ ಮುರಿದು ಕೈ ತೂರುವಷ್ಟು ಸಂದಿಯಾಗಿತ್ತು. ಅತ್ತಿಗೆ ಅಲ್ಲಿಗೆ ಇನ್ನೂ ಬಂದಿರಲಿಲ್ಲ.

"ಏನಾದ್ರೂ ಕಾಣುತ್ತೇನೇ ಗೌರಮ್ಮ?" ಪಡಸಾಲೆಯಿಂದ ಅವ್ವ ಕೂಗಿದಳು.

"ಇಲಿ ಪಿಕ್ಕೆ ಕಾಣುತ್ತೆ. ಇಲಿ ಕಾಣಾಕಿಲ್ಲ."

"ಕಾಯಿ ತೂತ ಮಾಡವೇನೋ ನೋಡು. ದಬ್ಬೆ ನೋಡ್ಕಂಡು ಕಾಲಿಡು, ಕೆಳಗೆ ಮಗ ಐತೆ."

"ನನ್ ಮೈಗೆ ಯಾವ ದಬ್ಬೆ ಮುರಿದಾತು ಬುಡತ್ತೆ."

ಅದಕ್ಕೇ ಅವಳನ್ನು ಹತ್ತಿಸಿದ್ದು. ಅಣ್ಣ ಬಸವರಾಜು ತಿಪಟೂರಿಗೆ ಹೋಗಿದ್ದ. ಇದ್ದಿದ್ದರೂ ಅವನ ಭಾರಕ್ಕೆ ಅಟ್ಟದ ಈ ಭಾಗ ತಡೆಯುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಕೊಬ್ಬರಿಗೆಂದು ತುಂಬಿದ ತೆಂಗಿನಕಾಯಿ. ಒಮ್ಮೆ ಅಟ್ಟಕ್ಕೆ ಹಾಕಿದರೆ ವರ್ಷ ತುಂಬುವ ತನಕ ಅದನ್ನು ಯಾರೂ ಕೆದಕುವುದಿಲ್ಲ. ಕಾಯಿಯೊಳಗಿನ ನೀರು ತಾನೇ ಇಂಗಿ, ತಿರುಳು ತಾನೇ ಚಿಪ್ಪು ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಗುಂಡುಕಲ್ಲಿನ ಹಾಗೆ ಸದ್ದು ಮಾಡಬೇಕು. ಅಲ್ಲಿಯವರೆಗೆ ಅದರ ಪಾಡಿಗೆ ಅದನ್ನು ಬಿಡಬೇಕು. ಹುಟ್ಟಿದಾಗಿನಿಂದ ಶಾಂತಕುಮಾರಿ ಕಂಡಿದ್ದು ಇದನ್ನೇ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲಂತೂ ಈ ಅಟ್ಟದ ಕೆಳಗೇ ಅವಳ ದಿನಗಳು ಹೋಗಿದ್ದವು. ಆದ್ದರಿಂದಲೇ ಬಚ್ಚಿಡಲು ಬೇರೆ ಜಾಗ ಹೊಳೆಯಲಿಲ್ಲ. ಅಟ್ಟಕ್ಕೆ ಹೋದದ್ದು ಸದ್ದಿಲ್ಲದೆ ಒಣಗುತ್ತದೆ, ಮುಂದಿನ ಯುಗಾದಿಯ ಹೊತ್ತಿಗೆ ತಾನೆಲ್ಲೋ, ಅದೆಲ್ಲೋ. ತುಪ್ಪ ಬೆಲ್ಲ ಹಾಕಿ ಕಟ್ಟಿದ ಉಂಡೆ ತೆಂಗಿನಕಾಯಿಯ ಹಾಗೆ ಒಣಗಿಕೊಂಡು ತೆಪ್ಪಗಿರುವುದಿಲ್ಲ ಎಂಬುದು, ಈ ವಾರ ತಲೆಯ ಮೇಲೆ ಇಲಿಗಳು ಓಡಾಡಲು ಶುರುಮಾಡಿದ ಮೇಲೆ ಅವಳಿಗೆ ಗೊತ್ತಾಯಿತು.

ಮಗು ಎಚ್ಚರಾಗಿ ಬಾಯಿ ಚಪ್ಪರಿಸಿತು. ಎತ್ತಿಕೊಂಡು ಎದೆಗೆ ಹಿಡಿದಳು. ಎರಡು ಸಲ ಎಳೆದು ಬಿಟ್ಟಿತು, ಮತ್ತೆ ಹಿಡಿದು ಎಳೆಯಿತು, ಆಮೇಲೆ ತಲೆ ಹಿಂದಕ್ಕೆ ಮಾಡಿ ಅವಳ ಮುಖವನ್ನೇ ನೋಡಿತು. ಅಳಲಿಲ್ಲ. ಅತ್ತಿದ್ದರೆ ವಾಸಿ ಎನ್ನಿಸಿತು. ನಾಮಕರಣದ ಹೊತ್ತಿನಲ್ಲಿ ಹೀಗಿರಲಿಲ್ಲ. ಕುಡಿದು ಹೆಚ್ಚಾಗಿ ಕಟವಾಯಿಂದ ಹರಿಯುತ್ತಿತ್ತು, ರವಿಕೆ ಸದಾ ಒದ್ದೆ, ಕೋಣೆಗೆಲ್ಲ ಹುಳಿಹಾಲಿನ ವಾಸನೆ. ಆ ವಾಸನೆಗೇ ಅವಳ ಯಜಮಾನರು ಬಾಗಿಲಲ್ಲಿ ನಿಂತು ಮೂಗು ಸವರಿಕೊಂಡಿದ್ದು. ಇಲ್ಲ, ಮೂಗು ತುರಿಸಿತ್ತೇನೋ. ಅವರು ಕೆಟ್ಟವರಲ್ಲ. ತುರುವೇಕೆರೆಯಿಂದ ಬರುವಾಗ ಮಗುವಿಗೆ ಉಣ್ಣೆಯ ಟೋಪಿ ತಂದಿದ್ದರು, ಅವಳಿಗೆ ಹೇರ್‌ಪಿನ್ನು. ಮಾರನೆಯ ದಿನ ಮಂಡಿಯವರು ಬಂದು ಅಂಗಳದಲ್ಲಿ ಮೂರು ಗಳು ನೆಟ್ಟು, ತಕ್ಕಡಿ ಕಟ್ಟಿ, ಕೊಬ್ಬರಿ ಮೂಟೆ ತೂಗುತ್ತಿದ್ದರು. ಅವಳು ಬಿಸಿಲು ಕಾಯಿಸಿಕೊಳ್ಳಲು ಹೊರಗೆ ಬಂದು ಕಂಬಕ್ಕೆ ಒರಗಿದ್ದಳು. ಅವರು ಬಿಳಿ ಪಂಚೆ ಎತ್ತಿಕಟ್ಟಿಕೊಂಡು, ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದು, "ಹಂಗೇ ಇವಳನ್ನೂ ಒಂದ್ಸಲ ಕೂರ್ಸಿ ನೋಡ್ರಪ್ಪ. ಚೀಲದ ತೂಕ ಕಳೆದು ಹೇಳಿ," ಎಂದರು. ಮಂಡಿಯವರು ನಕ್ಕರು. ಅಣ್ಣ ನಕ್ಕ. ನೀರು ಹಾಕಲು ಬರುವ ಗಂಗಕ್ಕ ಬಾಯಿಗೆ ಸೆರಗು ಇಟ್ಟುಕೊಂಡಳು. ಶಾಂತಕುಮಾರಿಯೂ ನಕ್ಕಳು. ಈಗಲೂ ಅದನ್ನು ನೆನೆದರೆ ಬೇರೆಯವರ ನಗು ಕೇಳಿಸುವುದಿಲ್ಲ, ತನ್ನದೊಂದೇ ಕೇಳಿಸುತ್ತದೆ, ಅದೂ ಸಭೆಯಲ್ಲಿ ಬಿದ್ದ ತಟ್ಟೆಯ ಹಾಗೆ ದೊಡ್ಡದಾಗಿ.

ಅವತ್ತು ಹೊರಡುವ ಮುಂಚೆ ಅವರು ಕೋಣೆಯ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ್ದರು. ಕಚೇರಿಗೆ ಬರುವ ವಾರಪತ್ರಿಕೆಯಲ್ಲಿ ಡಾಕ್ಟರೊಬ್ಬರು ಬರೆದಿದ್ದಾರಂತೆ. ಪ್ರತಿ ತುತ್ತಿನಲ್ಲೂ ಇಷ್ಟಿಷ್ಟು ಅಂತ ಶಾಖ ಇರುತ್ತದಂತೆ, ಅದಕ್ಕೆ ಕ್ಯಾಲೊರಿ ಅನ್ನುತ್ತಾರಂತೆ. ಉರಿಸಿದಷ್ಟು ಉರಿದುಹೋಗುತ್ತದೆ, ಮಿಕ್ಕಿದ್ದು ಮೈಯಲ್ಲಿ ಕೂರುತ್ತದೆ. "ಲೆಕ್ಕ ಅಷ್ಟೇ ಕಣೇ. ಕೂಡೋದು, ಕಳೆಯೋದು. ನೀನೂ ಏಳನೇ ಕ್ಲಾಸ್ ಓದಿದೀಯಲ್ಲ." ಬೈಯಲಿಲ್ಲ. ಬೈದಿದ್ದರೆ ಅತ್ತು ಮರೆಯಬಹುದಿತ್ತು. ಆ ಸಂಜೆ ಅವ್ವ ತಂದುಕೊಟ್ಟ ಉಂಡೆಯನ್ನು ಅವಳು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕೊಬ್ಬರಿ, ಬೆಲ್ಲ, ತುಪ್ಪ, ಶುಂಠಿ, ಮೆಣಸು. ಬಚ್ಚಲ ಒಲೆಗೆ ತುಂಬಿದ ಚಿಪ್ಪು ಹೇಗೆ ಧಗ್ಗೆಂದು ಹತ್ತಿಕೊಳ್ಳುತ್ತದೋ ಹಾಗೆ ಅದು ಹತ್ತಿಕೊಳ್ಳುತ್ತದೆ, ಆದರೆ ಉರಿಸುವುದು ಯಾರು? ಬಾಣಂತಿ ಎದ್ದು ಒಂದು ಕಡ್ಡಿ ಆಚೆ ಇಡುವ ಹಾಗಿಲ್ಲ. ಹಳೆಯ ಕೆಂಪು ಸೀರೆಯಿಂದ ಒಂದು ತುಂಡು ಹರಿದು, ತುಪ್ಪ ತೊಟ್ಟಿಕ್ಕದ ಹಾಗೆ ಸುತ್ತಿ, ಮಂಚದ ಮೇಲೆ ನಿಂತು ಸಂದಿಯೊಳಗೆ ತಳ್ಳಿದಳು. ಹೊಟ್ಟೆ ಹಸಿದೇ ಮಲಗಿದಾಗ ಒಂದು ಬಗೆಯ ಸುಖವಾಗಿತ್ತು. ಮೇಲಿನ ಕಾಯಿಗಳ ಹಾಗೆ ತಾನೂ ಒಳಗೊಳಗೇ ಇಂಗುತ್ತಿದ್ದೇನೆ, ಒಂದು ದಿನ ಈ ದಪ್ಪ ಚರ್ಮ ಬಿಟ್ಟುಕೊಂಡು ಒಳಗಿನವಳು ಚಿಕ್ಕದಾಗಿ, ಗಟ್ಟಿಯಾಗಿ ಬಿಡಿಸಿಕೊಳ್ಳುತ್ತಾಳೆ ಎಂದುಕೊಂಡಳು.

ಆಮೇಲಿಂದ ದಿನವೂ ಅದೇ. ಅನ್ನದಲ್ಲೂ ಅರ್ಧವನ್ನು ತಟ್ಟೆಯ ಅಂಚಿಗೆ ಒತ್ತಿ, ತೊಳೆಯಲು ಬರುವ ಗಂಗಕ್ಕನಿಗೆ ಕಾಣದ ಹಾಗೆ ಕಲಗಚ್ಚಿಗೆ ಸುರಿಯುತ್ತಿದ್ದಳು. ದಿನಗಳು ಹೋದವು. ರವಿಕೆಯ ಗುಂಡಿ ಹಾಕಿದರೆ ಹಾಗೇ ಬಿಗಿ. ತೋಳು ಹಾಗೇ. ಹೊಟ್ಟೆಯ ಮೇಲಿನ ಮಡಿಕೆ ಹಾಗೇ, ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡುವುದೇ ಒಂದು ಚಾಳಿಯಾಯಿತು. ಎದ್ದರೆ ಕಣ್ಣು ಕತ್ತಲೆ. ಹಾಲು ಮಾತ್ರ ಇಲ್ಲವಾಗುತ್ತ ಬಂತು. ಮಗುವಿಗೆ ದೃಷ್ಟಿಯಾಗಿದೆಯೆಂದು ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. "ನೋಡೇ ಶಾಂತಿ, ಒಂಚೂರೂ ಘಾಟಿಲ್ಲ! ಯಾವಳ ಕಣ್ಣು ಬಿತ್ತೋ ನನ್ ಮೊಮ್ಮಗಳ ಮ್ಯಾಲೆ," ಎಂದು ಅವಳು ಬೆರಳು ಮುರಿಯುತ್ತಿದ್ದರೆ, ಶಾಂತಕುಮಾರಿ ಗೋಡೆ ಕಡೆ ತಿರುಗಿ ಮಲಗಿದ್ದಳು. ತಿನ್ನಬೇಕು ಎಂದು ಪ್ರತಿ ಬೆಳಗ್ಗೆ ಅನ್ನಿಸುತ್ತಿತ್ತು. ಆದರೆ ಇಷ್ಟು ದಿನ ಬಿಟ್ಟಿದ್ದೇನೆ, ಇನ್ನೇನು ಇಳಿಯುವ ಹೊತ್ತು, ಈಗ ತಿಂದರೆ ಬಿಟ್ಟಿದ್ದೆಲ್ಲ ದಂಡ. ಇನ್ನೊಂದು ನಾಲ್ಕು ದಿನ. ಮಗುವಿನ ಕಾಲು ಸಣ್ಣದಾದದ್ದು ಅವಳಿಗೆ ಎಲ್ಲರಿಗಿಂತ ಮೊದಲೇ ಕಂಡಿತ್ತು. ಕಂಡೂ, ಇನ್ನೊಂದು ನಾಲ್ಕು ದಿನ.

ಮೇಲೆ ಹೆಜ್ಜೆ ನಿಂತಿತು. ಬೆಳಕು ಮೂಲೆಯಲ್ಲಿ ನಿಂತು, ಅಲ್ಲೇ ಉಳಿಯಿತು.

ಗೌರಮ್ಮ ಏಣಿ ಇಳಿದು ಬಂದಾಗ ಅವಳ ತಲೆಯ ತುಂಬ ನಾರಿನ ದೂಳು. ಸೆರಗನ್ನು ಗಂಟಿನ ಹಾಗೆ ಹಿಡಿದಿದ್ದಳು. ಒಳಗೆ ಬಂದು ಸೊಂಟದಿಂದಲೇ ಬಾಗಿಲು ನೂಕಿದಳು, ಮಂಚದ ಮೇಲೆ ಸೆರಗು ಬಿಚ್ಚಿದಳು. ಇಲಿ ಕಚ್ಚಿ ಚಿಂದಿ ಮಾಡಿದ ಕೆಂಪು ಬಟ್ಟೆ, ಇರುವೆ, ಕಪ್ಪಗೆ ಕಲ್ಲಾದ ಐದಾರು ಉಂಡೆ, ಮಿಕ್ಕಿದ್ದೆಲ್ಲ ಪುಡಿ. ಕೆಟ್ಟ ಕೊಬ್ಬರಿಯ ಕೌಟು ವಾಸನೆ ಮೂಗಿಗೆ ಅಡರಿತು.

"ಏನಮ್ಮಾ ಇದು?"

ಶಾಂತಕುಮಾರಿ ಮಗುವನ್ನು ತೊಟ್ಟಿಲಿಗೆ ಹಾಕಿದಳು.

"ಅಲ್ಲಾ, ಇಲಿಗಳಿಗೆ ಬಾಣಂತನ ಮಾಡ್ತಿದ್ಯಾ?"

"ಅತ್ತಿಗೆ, ಅವ್ವಂಗೆ ಹೇಳ್ಬ್ಯಾಡ."

"ಮೈ ಇಳಿಸ್ಕಣಾಕಾ?" ಗೌರಮ್ಮ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆ ನೋಟದಲ್ಲಿ ಕರುಣೆ ಇರಲಿಲ್ಲ. "ನಂಗೆ ಅವ್ವ ಇಲ್ಲ ಅಂತ ಇದೇ ಮಂಚದ ಮ್ಯಾಲೆ ನಂಗೂ ಬಾಣಂತನ ಆಯ್ತು. ನಿಮ್ಮವ್ವ ಒಂದು ಉಂಡೆ ಕೊಟ್ಟು ಡಬ್ಬಿ ಮ್ಯಾಲಿಡೋರು. ಆ ಡಬ್ಬಿ ಮುಚ್ಚೋ ಸದ್ದಿಗೇ ನನ್ ಬಾಯಲ್ಲಿ ನೀರೂರೋದು. ನೀನು ತುಂಬಿದ ಡಬ್ಬೀನ ಇಲಿಗೆ ಹಾಕ್ತೀಯ." ಒಂದು ಉಂಡೆಯನ್ನು ಎತ್ತಿಕೊಂಡು, ಇರುವೆ ಊದಿ, ಹಲ್ಲಲ್ಲಿ ಕಚ್ಚಿ ನೋಡಿ ಉಗಿದಳು. "ಥೂ. ಕೌಟಾಗೈತೆ. ಮೊದಲೇ ಕೊಟ್ಟಿದ್ರೆ ನಾನಾದ್ರೂ ತಿಂತಿದ್ದೆ."

"ಅವ್ವಂಗೆ ಏನಂತೀಯ?"

"ಇಲಿ ಬಂದಿತ್ತು ಅಂತೀನಿ. ಸುಳ್ಳಾ?" ಗಂಟನ್ನು ಮತ್ತೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿ ಹೊರಟವಳು ತೊಟ್ಟಿಲ ಹತ್ತಿರ ನಿಂತು, ಮಗುವಿನ ತೊಡೆಯನ್ನು ಒಂದು ಬೆರಳಿನಿಂದ ಒತ್ತಿದಳು. ಆಮೇಲೆ ಬಾಗಿಲು ದಾಟಿ ಹೋದಳು. ಆ ಬೆರಳು ತನ್ನ ಮೈಯನ್ನೇ ಚುಚ್ಚಿದ ಹಾಗಾಯಿತು ಶಾಂತಕುಮಾರಿಗೆ.

ಬಸ್ಸಿನ ಹೊತ್ತಿಗೆ ಗಂಡ ನಂಜುಂಡಪ್ಪ ಬಂದ. ಪಡಸಾಲೆಯಲ್ಲಿ ಚೀಲ ಇಟ್ಟ ಸದ್ದು, ಕಾಲು ತೊಳೆದ ಸದ್ದು, "ಬನ್ನಿ ಬನ್ನಿ, ಬಿಸಿಲು ಜಾಸ್ತಿ," ಎಂಬ ಅವ್ವನ ದನಿ. ಐದನೇ ತಿಂಗಳಿಗೆ ಬಾಣಂತಿಯನ್ನು ಕಳಿಸುವ ದಿನ ಗೊತ್ತುಮಾಡಲು ಬಂದಿದ್ದ. ಅವಳು ಬಾಗಿಲ ಪರದೆಯನ್ನು ಅರ್ಧ ಸರಿಸಿ, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಹೊಸ್ತಿಲ ಒಳಗೆ ಕೂತಳು. ಅವನು ಮಗುವನ್ನು ನೋಡಿ ನಕ್ಕ. ಅವಳನ್ನು ನೋಡಿದ. ಕಣ್ಣು ತೋಳಿನ ಮೇಲೆ ಒಂದು ಕ್ಷಣ ಕೂತು, ಹಾರಿತು. ಅಷ್ಟು ಸಾಕಾಗಿತ್ತು.

ಎಲೆ ಹಾಕಿದರು. ಅವನಿಗೆ ಹೊಟ್ಟೆ ಉರಿ, ಕಚೇರಿಯಲ್ಲಿ ಕೂತು ಕೂತು ಬಂದದ್ದು. ಅನ್ನಕ್ಕೆ ಮಜ್ಜಿಗೆ ಮಾತ್ರ ಕಲಸಿಕೊಂಡು ಹಕ್ಕಿಯ ಹಾಗೆ ತಿನ್ನುತ್ತಿದ್ದ. ಗಂಗಕ್ಕ ಜಗಲಿಯ ಮೇಲೆ ತನ್ನ ಊಟಕ್ಕೆ ಕಾದು ಕೂತಿದ್ದಳು.

"ಅತ್ತೇರೆ, ಇವಳಿಗೆ ಇನ್ನೂ ತುಪ್ಪ, ಉಂಡೆ ನಡೀತಿದ್ಯಾ?"

"ಇನ್ನೇನು ಮತ್ತೆ? ಹಸೀ ಬಾಣಂತಿ."

"ಅದಕ್ಕೇ ಹಿಂಗೆ. ಬರ್ತಾ ಬರ್ತಾ..." ಅವನು ಮುಂದಿನದನ್ನು ಎಡಗೈಯಲ್ಲಿ ತೋರಿಸಿದ.

"ಬಾಣಂತಿ ತಿಂದಷ್ಟೂ ಮೈ ಇಳಿಯುತ್ತೆ ಕಣ್ರಪ್ಪ," ಎಂದಳು ಅವ್ವ, ಸೌಟು ಹಿಡಿದೇ ಕೂತು. "ತಿಂದಿದ್ದು ಹಾಲಾಗುತ್ತೆ. ಹಾಲನ್ನ ಮಗ ಎಳ್ಕಳುತ್ತೆ. ಮೈ ಅದರ ಜೊತೇಲೇ ಕರಗುತ್ತೆ. ನಾನು ಇಬ್ಬರನ್ನ ಹೆತ್ತಾಗ ಕಂಬದಂಗೆ ದಪ್ಪಗಿದ್ದೆ, ತಿಂದೂ ತಿಂದೂನೇ ಹಿಂಗೆ ಸಣ್ಣಗಾಗಿದ್ದು."

"ತಿಂದು ಸಣ್ಣ ಆಗೋದು ಎಲ್ಲಾದ್ರೂ ಉಂಟಾ ಅತ್ತೆ? ಕಣಜಕ್ಕೆ ರಾಗಿ ಸುರಿದಷ್ಟೂ ಕಣಜ ಖಾಲಿ ಆಗುತ್ತೆ ಅಂದಂಗಾಯ್ತು."

"ನೋಡಿ ನಮ್ ಗೌರಮ್ಮನ್ನ. ಎರಡು ಮುದ್ದೆ ನುಂಗ್ತಾಳೆ. ಎಲ್ಲೈತೆ ಮೈ?"

"ಅವರು ದುಡೀತಾರೆ, ಉರಿದುಹೋಗುತ್ತೆ."

"ನನ್ ಸುದ್ದಿ ಯಾಕಣ್ಣ?" ಅಡುಗೆಮನೆಯಿಂದ ಗೌರಮ್ಮನ ದನಿ. "ನಾನು ಯಾವ ತಕ್ಕಡಿಗೂ ಬರಾಕಿಲ್ಲ."

ಅವನು ಅದನ್ನು ಕೇಳಿಸಿಕೊಳ್ಳದವನ ಹಾಗೆ ಗಂಗಕ್ಕನ ಕಡೆ ತಿರುಗಿದ. "ಏನ್ ಗಂಗಕ್ಕ, ಊರಿನ ಬಾಣಂತಿಯರಿಗೆಲ್ಲ ನೀರು ಹಾಕೋಳು ನೀನು. ನೀನು ಹೇಳು."

"ನಾನೇನ್ ಹೇಳಾನ ಅಳಿಯ ದ್ಯಾವ್ರೆ. ತಿಂದು ಊದಿದೋರ್ನೂ ಕಂಡಿವ್ನಿ, ತಿಂದು ಒಣಗಿದೋರ್ನೂ ಕಂಡಿವ್ನಿ. ನಂಗೆ ಅನ್ನ ಹಾಕಿದ್ರೆ ನೀವು ಹೇಳಿದ್ದೇ ಸರಿ."

ಎಲ್ಲರೂ ನಕ್ಕರು. ನಗು ತನ್ನ ತಲೆಯ ಮೇಲಿಂದ ಹಾದುಹೋಗುತ್ತಿರುವುದನ್ನು ಶಾಂತಕುಮಾರಿ ನೋಡಿದಳು. ಈ ಇಡೀ ಮನೆಯಲ್ಲಿ, ಬಹುಶಃ ಆ ಪತ್ರಿಕೆಯ ಡಾಕ್ಟರನ್ನೂ ಸೇರಿಸಿ, ಈ ಮೈಯ ವಿಷಯ ಪೂರಾ ಗೊತ್ತಿದ್ದವಳು ತಾನೊಬ್ಬಳೇ. ಆದರೆ ತನ್ನನ್ನು ಯಾರೂ ಕೇಳುತ್ತಿಲ್ಲ. ಮಗು ಅತ್ತಿತು. ಎದೆಗೆ ಹಿಡಿದಳು. ಎಳೆಯಿತು, ಬಿಟ್ಟಿತು, ಕಿರಿಚಿತು. ಈ ಬದಿಯಿಂದ ಆ ಬದಿಗೆ ಹಾಕಿದಳು. ಇನ್ನೂ ಜೋರಾಗಿ ಕಿರಿಚಿತು.

"ಹಾಲೇ ಸಾಲ್ತಿಲ್ಲ," ಎಂದಳು ಅವ್ವ, ದನಿ ಇಳಿಸಿ. "ಏನಾಯ್ತೋ ಗೊತ್ತಿಲ್ಲ. ದೃಷ್ಟಿ ತೆಗೆದೆ, ಸಬ್ಬಸಿಗೆ ಸೊಪ್ಪು ಕೊಟ್ಟೆ, ಬೆಳ್ಳುಳ್ಳಿ ಕೊಟ್ಟೆ."

"ಅಂದ್ರೆ, ಇಷ್ಟು ತಿನ್ನಿಸಿದ್ರೂ ಹಾಲಿಲ್ಲ."

"ಇಲ್ಲ ಕಣ್ರಪ್ಪ."

"ನೋಡಿ ಮತ್ತೆ!" ಅವನ ಮುಖ ಬೆಳಗಿತು. ಗೆದ್ದ ಸಂತೋಷವಲ್ಲ ಅದು. ತಾಳೆಯಾಗದ ಲೆಕ್ಕ ಕೊನೆಗೆ ತಾಳೆಯಾದಾಗ ಗುಮಾಸ್ತನಿಗೆ ಆಗುವ ನೆಮ್ಮದಿ. "ತಿಂದಿದ್ದು ಹಾಲಾಗ್ತಿಲ್ಲ. ಎಲ್ಲಾ ಮೈಗೇ ಹೋಗ್ತಿದೆ. ನಾನು ಹೇಳಿದ್ದು ಅದನ್ನೇ. ಇವತ್ತಿಂದ ಉಂಡೆ ತುಪ್ಪ ನಿಲ್ಸಿಬಿಡಿ. ಮಗೂಗೆ ನಾನು ಡಬ್ಬಿ ಹಾಲಿನ ಪುಡಿ ತಂದಿದೀನಿ, ಎದೆ ಬಿಡಿಸಿ ಅದನ್ನೇ ಕುಡಿಸಿ. ಇವಳು ಎರಡು ಹೊತ್ತು ಒಂದೊಂದು ಹಿಡಿ ಅನ್ನ ತಿಂದ್ರೆ ಬೇಕಾದಷ್ಟಾಯ್ತು."

ಅವನು ಎಂಜಲು ಕೈಯಲ್ಲೇ ಚೀಲದ ಕಡೆ ಸನ್ನೆ ಮಾಡಿದ. ಹೊಳೆಯುವ ತಗಡಿನ ಡಬ್ಬಿಯ ತಲೆ ಚೀಲದಿಂದ ಕಾಣುತ್ತಿತ್ತು. ಅವ್ವ ಅದನ್ನು ನೋಡಿದಳು, ಮಗಳನ್ನು ನೋಡಿದಳು, ಸೌಟನ್ನು ನೋಡಿದಳು. ಅವ್ವ ಯಾವತ್ತೂ ಯಾರಿಗೂ ಸೋತವಳಲ್ಲ. ಈಗ ಕೈ ನೆಲಕ್ಕೆ ಊರಿ, "ನೀವು ಓದಿದೋರು. ನಂಗೇನು ಗೊತ್ತು," ಎಂದಳು. ತಾನು ಕುಟ್ಟಿ ಕಟ್ಟಿದ್ದೆಲ್ಲ ಮಗಳ ಮೈಗೆ ಕೆಡುಕಾಯಿತೇನೋ ಎಂಬ ಭಯ ಆ ಮುಖದ ಮೇಲೆ ಹರಡುವುದನ್ನು ಶಾಂತಕುಮಾರಿ ಕಣ್ಣಾರೆ ಕಂಡಳು. ಅಡುಗೆಮನೆಯ ಬಾಗಿಲಲ್ಲಿ ಗೌರಮ್ಮ ಬಂದು ನಿಂತಿದ್ದಳು. ನೋಡುತ್ತಿದ್ದಳು, ಅಷ್ಟೇ. ತಾನು ಸುಮ್ಮನಿದ್ದರೆ ಎಲ್ಲವೂ ಸುಸೂತ್ರ. ತಪ್ಪು ಇಲಿಯ ಮೇಲೆ ಹೋಗುತ್ತದೆ, ದೃಷ್ಟಿಯ ಮೇಲೆ ಹೋಗುತ್ತದೆ. ತಿನ್ನದೆ ಇರಲು ಇನ್ನು ಬಚ್ಚಿಡುವ ಕಷ್ಟವೂ ಇಲ್ಲ, ಗಂಡನೇ ಹೇಳಿದ್ದಾನೆ. ಮಡಿಲಲ್ಲಿ ಮಗು ಕಿರಿಚಿ ಕಿರಿಚಿ ದನಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು.

"ನಾನು ತಿಂದಿಲ್ಲ," ಎಂದಳು.

ಯಾರಿಗೂ ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದಳು. "ನಾಮಕರಣ ಆದಾಗಿಂದ ನಾನು ಸರಿಯಾಗಿ ತಿಂದಿಲ್ಲ. ಉಂಡೆ ಅಟ್ಟಕ್ಕೆ ಹಾಕ್ದೆ. ಅನ್ನ ಚೆಲ್ಲಿದೆ. ಮೈ ಇಳೀಲಿಲ್ಲ. ಹಾಲು ಹೋಯ್ತು."

ನಂಜುಂಡಪ್ಪನ ಕೈ ಎಲೆಯ ಮೇಲೆ ನಿಂತಿತು. ಅವನು ಅವಳನ್ನು ನೋಡಿದ. ಬಂದಾಗಿನಿಂದ ಮೊದಲ ಸಲ ಪೂರಾ ನೋಡಿದ. "ಅಷ್ಟು ದಿನ ತಿನ್ನದೇ ಇದ್ರೂ..." ಎಂದ, ನಿಜವಾದ ಆಶ್ಚರ್ಯದಿಂದ, "ಹಿಂಗೇ ಇದ್ದೀಯಲ್ಲ?"

ಈ ಸಲ ಯಾರೂ ನಗಲಿಲ್ಲ. ಜಗಲಿಯಲ್ಲಿ ಗಂಗಕ್ಕ ಕೆಮ್ಮಿದಳು. ಅವನಿಗೆ ತಾನು ಆಡಿದ್ದು ಕೇಳಿಸಿರಬೇಕು. ಕಿವಿ ಕೆಂಪಾಗಿ, ಎಲೆಯ ಮೇಲಿನ ಮಜ್ಜಿಗೆಯನ್ನು ಬೆರಳಿನಿಂದ ಒಟ್ಟುಮಾಡತೊಡಗಿದ. ಅವ್ವ ಎದ್ದು ಬಂದಳು. ಹೊಡೆಯುತ್ತಾಳೇನೋ ಎಂದು ಶಾಂತಕುಮಾರಿ ಕಣ್ಣು ಮುಚ್ಚಿದಳು. ಅವ್ವ ಮಗುವನ್ನು ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡಳು.

"ತಿನ್ಬ್ಯಾಡ ಅಂತ ಯಾರು ಹೇಳಿದ್ರೇ ನಿಂಗೆ?"

ಅವಳು ಯಾರ ಕಡೆಗೂ ನೋಡಲಿಲ್ಲ. "ಅತ್ತಿಗೆ, ನಂಗೂ ಇಲ್ಲೇ ಬಡಿಸು," ಎಂದಳು.

"ಇಲ್ಲೇನಾ?" ಎಂದಳು ಅವ್ವ. ಗಂಡಸರು ಉಣ್ಣುವ ಕಡೆ, ಅದೂ ಬಾಣಂತಿ.

"ಇಲ್ಲೇ."

ಗೌರಮ್ಮ ತಟ್ಟೆ ತಂದಿಟ್ಟಳು. ಬಿಸಿ ಅನ್ನ, ಮೆಣಸಿನ ಸಾರು, ಮೇಲೆ ತುಪ್ಪ. ಸೌಟು ಎತ್ತುವಾಗ ಸಾಕೇ ಎಂದು ಕೇಳಲಿಲ್ಲ. ಶಾಂತಕುಮಾರಿ ಕಲಸಿದಳು. ಮೊದಲ ತುತ್ತು ಗಂಟಲಲ್ಲಿ ನಿಂತಿತು, ನೀರು ಕುಡಿದು ನೂಕಿದಳು. ಗಂಡನ ಎದುರು ಬಾಯಿ ತುಂಬ ಅಗಿಯುವುದು ಬೆತ್ತಲೆ ಕೂತ ಹಾಗಿತ್ತು. ದವಡೆಯ ಸದ್ದು ತನಗೇ ಕೇಳುತ್ತಿತ್ತು, ಕೈಯ ಬೆರಳು ದಪ್ಪಗೆ ಕಾಣುತ್ತಿತ್ತು, ತೋಳು ಅಲುಗುತ್ತಿತ್ತು. ಅವನು ನೋಡುತ್ತಿದ್ದಾನೋ ಇಲ್ಲವೋ ಎಂದು ತಿಳಿಯಲು ತಲೆ ಎತ್ತಬೇಕಿತ್ತು, ಎತ್ತಲಿಲ್ಲ. ಇನ್ನೊಂದು ತುತ್ತು ತಿಂದಳು. ಇದು ಮೈಗೆ ಹೋಗುತ್ತದೋ, ಹಾಲಾಗುತ್ತದೋ, ಎರಡೂ ಆಗಿ ತಾನು ಇನ್ನೂ ಊದುತ್ತೇನೋ, ಗೊತ್ತಿರಲಿಲ್ಲ. ಗೊತ್ತಾಗಲಿ ಎಂದು ಕಾಯಲು ಪುರುಸೊತ್ತೂ ಇರಲಿಲ್ಲ.

ನಂಜುಂಡಪ್ಪ ಎದ್ದು ಕೈ ತೊಳೆದು ಬಂದ. ಏನು ಮಾಡಬೇಕೋ ತಿಳಿಯದೆ ಹಾಲಿನ ಡಬ್ಬಿಯನ್ನು ಚೀಲದಿಂದ ತೆಗೆದು ಕಂಬದ ಪಕ್ಕ ಇಟ್ಟ. "ಸದ್ಯಕ್ಕೆ ಇರಲಿ. ಬೇಕಾಗಬಹುದು," ಎಂದ. ಆಮೇಲೆ, ಗೋಡೆಯನ್ನು ನೋಡುತ್ತಾ, "ಹಂಗಾದ್ರೆ... ಬರೋ ಭಾನುವಾರ ಕರ್ಕೊಂಡೋಗಾಕೆ ಬರ್ಲಾ? ನಮ್ಮವ್ವ ಕೇಳ್ತಿದ್ರು," ಎಂದ.

ಅವಳ ಬಾಯಲ್ಲಿ ಅನ್ನವಿತ್ತು. ನುಂಗಿ ಉತ್ತರ ಕೊಡಲು ಸ್ವಲ್ಪ ಹೊತ್ತಾಯಿತು. ಅಷ್ಟೂ ಹೊತ್ತು ಅವನು ನಿಂತೇ ಇದ್ದ.

"ಹಾಲು ಬಂದ ಮೇಲೆ ನಾನೇ ಹೇಳಿ ಕಳಿಸ್ತೀನಿ," ಎಂದಳು. "ಆವಾಗ ಬನ್ನಿ."

ಅವ್ವನ ಹೆಗಲ ಮೇಲೆ ಮಗು ಮತ್ತೆ ಮುಲುಗಿತು. ಎಡಗೈ ಚಾಚಿ ಇಸಿದುಕೊಂಡು, ಸೆರಗಿನೊಳಗೆ ಸೇರಿಸಿಕೊಂಡಳು. ಅದು ಹುಡುಕಿ, ಹಿಡಿದು, ಎಳೆಯತೊಡಗಿತು. ಏನಾದರೂ ಬರುತ್ತಿದೆಯೋ, ಬರೀ ಎಳೆಯುತ್ತಿದೆಯೋ ತಿಳಿಯಲಿಲ್ಲ. ಬಿಡಲಿಲ್ಲ ಮಾತ್ರ. ಅವಳು ಇನ್ನಷ್ಟು ಬಡಿಸಲೆಂದು ಬಲಗೈಯಿಂದ ಖಾಲಿ ತಟ್ಟೆಯನ್ನು ಅತ್ತಿಗೆಯ ಕಡೆಗೆ ನೂಕಿದಳು.